ಓದುಗರ ಪ್ರಶ್ನೆ: ಗಾಯ ಒಣಗಬೇಕೋ, ಮಾಯಬೇಕೋ?

ಪ್ರಶ್ನೆ: ಹತ್ತು ದಿನಗಳ ಹಿಂದೆ ನನ್ನ 15 ವರ್ಷದ ಮಗಳು ಮಳೆಯಲ್ಲಿ ತೋಟದ ಇಳಿಜಾರಿನಲ್ಲಿ ಜಾರಿ ಬಿದ್ದು ಮೊಣಕಾಲಿನ ಕೆಳಗೆ ಅಂಗೈ ಅಗಲದಷ್ಟು ಚರ್ಮ ತರಚಿಕೊಂಡಳು. ನಮ್ಮ ಅತ್ತೆಯವರು ಕೂಡಲೇ ಕಾಫಿ ಪುಡಿ ಒತ್ತಿದರು. ಮರುದಿನ ಅದನ್ನು ತೊಳೆದು, ಮಡಿಕೇರಿಯ ಔಷಧದ ಅಂಗಡಿಯಿಂದ ತಂದ ಹೈಡ್ರೋಕೊಲಾಯ್ಡ್ ಪಟ್ಟಿ ಅಂಟಿಸಿದೆವು. ಮೂರನೆಯ ದಿನ ಪಟ್ಟಿಯಲ್ಲಿ ಬಿಳಿ ಗುಳ್ಳೆ ಎದ್ದಿತು. ತೆಗೆದು ನೋಡಿದರೆ ಹಳದಿ ಲೋಳೆ, ಜೊತೆಗೆ ಒಂದು ಬಗೆಯ ವಾಸನೆ. ಕೀವಾಗಿದೆ ಎಂದು ಹೆದರಿ ಪಟ್ಟಿಯನ್ನು ಬಿಸಾಡಿ, ಗಾಯವನ್ನು ಗಾಳಿಗೆ ಬಿಟ್ಟೆವು. ಈಗ ಗಟ್ಟಿ ಹಕ್ಕಳೆ ಕಟ್ಟಿದೆ. ನಾವು ಮಾಡಿದ್ದು ಸರಿಯೇ? ಕಲೆ ಉಳಿಯದಂತೆ ಮತ್ತೆ ಪಟ್ಟಿ ಹಾಕಬಹುದೇ?
– ಸೋಮವಾರಪೇಟೆ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ವಿವರಣೆಯನ್ನು ಓದಿದರೆ ನೀವು ಕಂಡದ್ದು ಕೀವಲ್ಲ ಎಂದೇ ತೋರುತ್ತದೆ. ಈ ಪಟ್ಟಿಯ ಒಳಮೈಯಲ್ಲಿ ಜೆಲಾಟಿನ್, ಪೆಕ್ಟಿನ್, ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್‌ನಂತಹ, ದ್ರವ ಹೀರಿ ಉಬ್ಬುವ ಪದಾರ್ಥಗಳನ್ನು ಅಂಟಿನೊಂದಿಗೆ ಸೇರಿಸಿರುತ್ತಾರೆ. ಹೊರಮೈಯಲ್ಲಿ ನೀರನ್ನು ಒಳಗೆ ಬಿಡದ ಪಾಲಿಯುರೆಥೇನಿನ ತೆಳುವಾದ ಹಾಳೆ ಇರುತ್ತದೆ. ಗಾಯದಿಂದ ಒಸರುವ ದ್ರವವನ್ನು ಹೀರಿದ ಭಾಗ ಮಾತ್ರ ಲೋಳೆಯಾಗಿ ಬಿಳಿಯ ಗುಳ್ಳೆಯಂತೆ ಮೇಲೇಳುತ್ತದೆ, ತೆಗೆದಾಗ ಹಳದಿಯಾಗಿ ಕಾಣುತ್ತದೆ, ಸ್ವಲ್ಪ ವಾಸನೆಯೂ ಬರುತ್ತದೆ. ಪಟ್ಟಿ ತನ್ನ ಕೆಲಸ ಮಾಡಿದೆ ಎಂಬುದಕ್ಕೆ ಅದೇ ಗುರುತು. ಹೀಗೆ ಹೆದರಿ ಪಟ್ಟಿ ಕಿತ್ತು ಬಂದವರನ್ನು ನಾನು ಪ್ರತಿ ಮಳೆಗಾಲದಲ್ಲೂ ನೋಡುತ್ತೇನೆ. ಮಾರುವವರು ಇದೊಂದು ಮಾತನ್ನು ಮೊದಲೇ ಹೇಳಿದ್ದರೆ ನಿಮಗೆ ಈ ಆತಂಕವೇ ಇರುತ್ತಿರಲಿಲ್ಲ.

ವ್ಯತ್ಯಾಸ ತಿಳಿಯುವ ದಾರಿ ಸುಲಭವಾಗಿದೆ. ಲೋಳೆಯನ್ನು ಕುದಿಸಿ ಆರಿಸಿದ ನೀರಿನಿಂದ ತೊಳೆಯಿರಿ. ವಾಸನೆ ಅದರೊಂದಿಗೇ ಹೋಗಿ, ಅಡಿಯಲ್ಲಿ ತೇವವಾದ ಗುಲಾಬಿ ಬಣ್ಣದ ಮೈ ಕಂಡರೆ ಗಾಯ ಚೆನ್ನಾಗಿದೆ. ತೊಳೆದ ಮೇಲೂ ದುರ್ವಾಸನೆ ಉಳಿದರೆ, ಸುತ್ತಲಿನ ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ಮುಟ್ಟಿದರೆ ಬಿಸಿ ಎನಿಸಿದರೆ, ನೋವು ಕಡಿಮೆಯಾಗುವ ಬದಲು ಹೆಚ್ಚಿದರೆ ಅಥವಾ ಜ್ವರ ಬಂದರೆ ಅದು ನಂಜು. ಆಗ ಗಾಯವನ್ನು ಪಟ್ಟಿಯಿಂದ ಮುಚ್ಚಬಾರದು, ವೈದ್ಯರನ್ನು ಕಾಣಬೇಕು.

ಇನ್ನು ಗಾಳಿಗೆ ಬಿಟ್ಟ ವಿಚಾರ. ನಮ್ಮ ಭಾಷೆಯಲ್ಲಿ ಗಾಯ 'ಒಣಗಿತೇ' ಎಂದೂ ಕೇಳುತ್ತೇವೆ, 'ಮಾಯಿತೇ' ಎಂದೂ ಕೇಳುತ್ತೇವೆ. ಆದರೆ ಇವೆರಡೂ ಒಂದೇ ಅಲ್ಲ. ಗಾಯದ ಅಂಚಿನಿಂದಲೂ ರೋಮದ ಬುಡಗಳಿಂದಲೂ ಹೊಸ ಚರ್ಮದ ಕೋಶಗಳು ಹೊರಟು, ತೇವವಾದ ಮೈಯ ಮೇಲೆ ಸರಾಗವಾಗಿ ಹರಿದು ಗಾಯವನ್ನು ಮುಚ್ಚುತ್ತವೆ. ಮೇಲೆ ಒಣ ಹಕ್ಕಳೆ ಕಟ್ಟಿದಾಗ ಅದರಡಿಯ ತೇವವನ್ನು ಹುಡುಕಿಕೊಂಡು ಆಳದಲ್ಲಿ ನುಸುಳಬೇಕಾಗುತ್ತದೆ, ಹೀಗಾಗಿ ತಡವಾಗುತ್ತದೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕರು ಹಂದಿಗಳ ಮೇಲಿನ ಮೇಲ್ಪದರದ ಗಾಯಗಳಲ್ಲಿ ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ, ಕೆಲವನ್ನು ತೆರೆದಿಟ್ಟು ಹೋಲಿಸಿದಾಗ, ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಹರಡಿದ್ದು ಕಂಡಿತು. ಇಂದಿನ ಈ ಪಟ್ಟಿಗಳೆಲ್ಲ ಆ ತಿಳಿವಳಿಕೆಯ ಮೇಲೆಯೇ ನಿಂತಿವೆ. ತೇವವೆಂದರೆ ಮಳೆಯ ನೀರಿನಲ್ಲಿ ನೆನೆಯುವುದಲ್ಲ ಎಂಬುದನ್ನು ಮಾತ್ರ ನಮ್ಮ ಜಿಲ್ಲೆಯವರಿಗೆ ಒತ್ತಿ ಹೇಳಬೇಕು. ದಿನವಿಡೀ ಒದ್ದೆ ಬಟ್ಟೆಯಲ್ಲಿ ನೆಂದ ಗಾಯದ ಅಂಚು ಬೆಳ್ಳಗೆ ಬೆಂದಂತಾಗಿ ಸುತ್ತಲಿನ ಚರ್ಮವೂ ಕೆಡುತ್ತದೆ.

ನಿಮ್ಮ ಅತ್ತೆಯವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಕಾಫಿ ಪುಡಿ ಒತ್ತುವುದು ಹಲವು ಮನೆಗಳಲ್ಲಿ ನಡೆದುಬಂದಿದೆ, ಬಿಗಿಯಾಗಿ ಒತ್ತಿದಾಗ ರಕ್ತ ನಿಲ್ಲುವುದೂ ಉಂಟು. ಆದರೆ ರಕ್ತವನ್ನು ನಿಲ್ಲಿಸುವುದು ಒತ್ತುವ ಕೈ. ಪುಡಿಯ ಕಣಗಳು ಗಾಯದೊಳಗೆ ಉಳಿದು ತೊಳೆಯಲು ಕಷ್ಟವಾಗುತ್ತದೆ. ಅವರ ಕೈಗೆ ಒಂದು ಶುದ್ಧವಾದ ಬಟ್ಟೆಯನ್ನು ಕೊಟ್ಟರೆ ಸಾಕು.

ಈಗ ಹಕ್ಕಳೆಯನ್ನು ಕೀಳಬೇಡಿ. ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟದ ಗಾಜ್ ಬಟ್ಟೆಯಿಂದ ಮುಚ್ಚಿಡಿ. ಹಕ್ಕಳೆ ಮೆತ್ತಗಾಗಿ ತಾನಾಗಿಯೇ ಕಳಚುತ್ತದೆ. ಅಡಿಯಲ್ಲಿ ಇನ್ನೂ ಹಸಿಯಾದ ಜಾಗ ಉಳಿದಿದ್ದು ನಂಜಿನ ಗುರುತು ಇಲ್ಲದಿದ್ದರೆ ಆಗ ಮತ್ತೆ ಪಟ್ಟಿ ಹಾಕಬಹುದು. ಸುತ್ತಲಿನ ಚರ್ಮವನ್ನು ಚೆನ್ನಾಗಿ ಒರೆಸಿ ಒಣಗಿಸಿ, ಗಾಯದ ಅಂಚಿನಿಂದ ಎಲ್ಲ ಕಡೆಗೂ ಕನಿಷ್ಠ 2 ಸೆಂಟಿಮೀಟರ್ ಆಚೆಗೆ ಬರುವಷ್ಟು ದೊಡ್ಡ ಪಟ್ಟಿಯನ್ನು ಆರಿಸಿ, ಅಂಟಿಸಿದ ಮೇಲೆ ಅಂಗೈಯನ್ನು ಅದರ ಮೇಲೆ ಒಂದು ನಿಮಿಷ ಇಟ್ಟುಕೊಳ್ಳಿ. ಮೈಯ ಬಿಸಿಗೆ ಅಂಟು ಹಿಡಿಯುತ್ತದೆ. ದಿನವೂ ಎತ್ತಿ ನೋಡುವ ಆಸೆಯನ್ನು ತಡೆಯಬೇಕು, ಏಕೆಂದರೆ ಪ್ರತಿ ಸಲ ಎತ್ತಿದಾಗಲೂ ಹೊಸ ಚರ್ಮ ಕಿತ್ತುಬರಬಹುದು. ಸೋರದೆ, ಅಂಚು ಬಿಡದೆ ಇದ್ದರೆ 3ರಿಂದ 7 ದಿನ ಹಾಗೆಯೇ ಇರಲಿ. ತೆಗೆಯುವಾಗ ಮೇಲಕ್ಕೆ ಎಳೆಯದೆ, ಒಂದು ಮೂಲೆಯನ್ನು ಹಿಡಿದು ಚರ್ಮಕ್ಕೆ ಸಮಾನಾಂತರವಾಗಿ ಹಿಗ್ಗಿಸಿದರೆ ನೋವಿಲ್ಲದೆ ಬಿಟ್ಟುಕೊಳ್ಳುತ್ತದೆ.

ಮಗಳಿಗೆ 10ನೆಯ ವಯಸ್ಸಿನಲ್ಲಿ ಕೊಟ್ಟ ಧನುರ್ವಾಯುವಿನ ಚುಚ್ಚುಮದ್ದಿಗೆ ಈಗ ಐದು ವರ್ಷವಾಗಿರಬೇಕು. ಮಣ್ಣು ಮೆತ್ತಿದ ಗಾಯವಾದ್ದರಿಂದ ಇದನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ವಿಚಾರಿಸಿ.

ಕಲೆಯ ಬಗ್ಗೆ ಹೇಳುವುದಾದರೆ, ಕಲೆ ಉಳಿಯುವುದು ಮುಖ್ಯವಾಗಿ ಗಾಯ ಎಷ್ಟು ಆಳಕ್ಕೆ ಹೋಗಿದೆ ಮತ್ತು ಮುಚ್ಚಲು ಎಷ್ಟು ದಿನ ಹಿಡಿಯಿತು ಎಂಬುದರ ಮೇಲೆ. ಪಟ್ಟಿ ಗಾಯವನ್ನು ಬೇಗ ಮುಚ್ಚಿಸುವ ಮೂಲಕ ಕಲೆ ಕಡಿಮೆಯಾಗಲು ನೆರವಾಗುತ್ತದೆಯೇ ಹೊರತು, ಮೂಡಿದ ಕಲೆಯನ್ನು ಅಳಿಸುವುದಿಲ್ಲ. ಬರೀ ಮೇಲ್ಪದರ ತರಚಿದ್ದರೆ ನಮ್ಮ ಕಂದು ಚರ್ಮದಲ್ಲಿ ಕಪ್ಪು ಛಾಯೆ ಕೆಲವು ತಿಂಗಳು ಉಳಿದು ಮೆಲ್ಲನೆ ತಿಳಿಯಾಗುತ್ತದೆ. ಗಾಯ ಪೂರ್ತಿ ಮುಚ್ಚಿದ ಮೇಲೆ ಅಲ್ಲಿಗೆ ಬಿಸಿಲು ತಾಗದಂತೆ ಬಟ್ಟೆಯಿಂದ ಮುಚ್ಚಿ, ಇಲ್ಲವೇ ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಿ.

ಪ್ರಶ್ನೆ: ನನಗೆ 52 ವರ್ಷ, ಸಕ್ಕರೆ ಕಾಯಿಲೆ ಇದೆ. ತೋಟದಲ್ಲಿ ಜಿಗಣೆ ಕಚ್ಚಿದ ಪಾದದ ಗಾಯಕ್ಕೆ ಇದೇ ಪಟ್ಟಿ ಹಾಕಿಕೊಂಡು ಗಮ್‌ಬೂಟ್ ತೊಡಬಹುದೇ?
– ವಿರಾಜಪೇಟೆಯ ಓದುಗರು

ಉತ್ತರ: ದಯವಿಟ್ಟು ಬೇಡ. ಸಕ್ಕರೆ ಕಾಯಿಲೆಯಿರುವವರ ಪಾದದಲ್ಲಿ ಸ್ಪರ್ಶಜ್ಞಾನವೂ ರಕ್ತಸಂಚಾರವೂ ಕುಗ್ಗಿರಬಹುದು. ಅಂಥ ಗಾಯವನ್ನು ಒಂದು ವಾರ ಕಣ್ಣಿಗೆ ಕಾಣದಂತೆ ಮುಚ್ಚಿಟ್ಟರೆ ಒಳಗೆ ನಂಜೇರಿದರೂ ತಿಳಿಯುವುದಿಲ್ಲ. ಬೂಟಿನೊಳಗಿನ ಬೆವರಿಗೆ ಪಟ್ಟಿಯ ಅಂಚು ಸುರುಳಿಯಾಗಿ ಬಿಟ್ಟುಕೊಂಡು, ಆ ಸಂದಿನಿಂದ ಕೊಳೆ ಒಳಗೆ ಸೇರುತ್ತದೆ. ಜಿಗಣೆಯ ಜೊಲ್ಲಿನಲ್ಲಿರುವ ಕೆಲವು ಪದಾರ್ಥಗಳು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಅದು ಬಿಟ್ಟ ಮೇಲೂ ಗಂಟೆಗಟ್ಟಲೆ ಒಸರಬಹುದು. ಸೋಪು ನೀರಿನಿಂದ ತೊಳೆದು, ಶುದ್ಧವಾದ ಗಾಜ್ ಬಟ್ಟೆಯಿಂದ 10–15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಸಂಜೆ ಬೂಟು ಕಳಚಿದಾಗ ಬೆರಳ ಸಂದುಗಳನ್ನು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಎರಡು ದಿನದಲ್ಲಿ ಗಾಯ ಇಳಿಮುಖವಾಗದಿದ್ದರೆ ತೋಟದ ಕೆಲಸ ಎಷ್ಟೇ ಇದ್ದರೂ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಕಳೆದ ವರ್ಷ ಹೊಲಿಗೆ ಹಾಕಿದ ಭುಜದ ಗಾಯದ ಕಲೆ ಉಬ್ಬಿದೆ. ಹೈಡ್ರೋಕೊಲಾಯ್ಡ್ ಪಟ್ಟಿಯಿಂದ ಹೋಗುತ್ತದೆಯೇ?
– ಗೋಣಿಕೊಪ್ಪಲಿನ ವಿದ್ಯಾರ್ಥಿ

ಉತ್ತರ: ಹೋಗುವುದಿಲ್ಲ. ಉಬ್ಬಿದ ಕಲೆಗೆ ಬಳಸುವುದು ಸಿಲಿಕೋನ್ ಹಾಳೆ ಅಥವಾ ಸಿಲಿಕೋನ್ ಜೆಲ್. ಹಾಳೆಯನ್ನು ದಿನಕ್ಕೆ 12 ಗಂಟೆಗೆ ಕಡಿಮೆಯಿಲ್ಲದಂತೆ, ಕನಿಷ್ಠ ಎರಡು ಮೂರು ತಿಂಗಳು ಹಾಕಬೇಕು. ಕಲೆ ಮೂಲ ಗಾಯದ ಗಡಿಯನ್ನು ದಾಟಿ ಬೆಳೆಯುತ್ತಿದ್ದು, ತುರಿಕೆಯೂ ಇದ್ದರೆ ಅದು ಕೀಲಾಯ್ಡ್ ಇರಬಹುದು. ಭುಜ, ಎದೆ, ಕಿವಿಯ ಹಾಲೆಗಳಲ್ಲಿ ಇದು ಹೆಚ್ಚು. ಚರ್ಮರೋಗ ತಜ್ಞರು ಕಲೆಯೊಳಗೇ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟು ಅದನ್ನು ತಗ್ಗಿಸುತ್ತಾರೆ. ಬರೀ ಕತ್ತರಿಸಿ ತೆಗೆದರೆ ಮತ್ತೆ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ಆದ್ದರಿಂದ ಅಂಥ ಸಲಹೆ ಯಾರು ಕೊಟ್ಟರೂ ಮೊದಲು ತಜ್ಞರನ್ನು ಕೇಳಿ.