ದುಡ್ಡು ಕೊಟ್ಟಾಯ್ತು, ಪುಸ್ತಕ ಬರಲಿಲ್ಲ

ಪ್ರಶ್ನೆ: ಎರಡು ವರ್ಷದ ಹಿಂದೆ ಕಿಕ್‌ಸ್ಟಾರ್ಟರ್‌ನಲ್ಲಿ (ಹೊಸ ಕೆಲಸಗಳಿಗೆ ಜನರಿಂದ ಮುಂಚಿತವಾಗಿ ದುಡ್ಡು ಕೂಡಿಸುವ ಜಾಲತಾಣ) ಒಂದು ಕಾಮಿಕ್ಸ್ ಪುಸ್ತಕಕ್ಕೆ 2,400 ರೂಪಾಯಿ ಕೊಟ್ಟೆ. ಸಹಿ ಹಾಕಿದ ಪ್ರತಿ ಕಳಿಸುತ್ತೇವೆ ಅಂದಿದ್ದರು. ಎಂಟು ತಿಂಗಳಿಂದ ಸುದ್ದಿಯೇ ಇಲ್ಲ. ದುಡ್ಡು ವಾಪಸ್ ಸಿಗುತ್ತಾ?
– ಓದುಗರು, ಮೈಸೂರು

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ನಾನೂ ಒಂದು ಬೋರ್ಡ್ ಗೇಮ್‌ಗೆ ದುಡ್ಡು ಹಾಕಿ ಮೂರು ವರ್ಷ ಕಾದಿದ್ದೇನೆ. ಕೊನೆಗೆ ಬಂದ ಡಬ್ಬಿಯ ಒಂದು ಮೂಲೆ ಜಜ್ಜಿತ್ತು, ಒಳಗೆ ದಾಳವೇ ಇರಲಿಲ್ಲ.

ಕಿಕ್‌ಸ್ಟಾರ್ಟರ್ ತಾನಾಗಿ ಹಣ ಹಿಂದಿರುಗಿಸುವುದಿಲ್ಲ. ಆದರೆ ಅದರ ನಿಯಮದ ಪ್ರಕಾರ, ಕೆಲಸ ಮುಗಿಸಲಾಗದವರು ದುಡ್ಡು ಎಲ್ಲಿ ಖರ್ಚಾಯಿತು ಅಂತ ಲೆಕ್ಕ ಹೇಳಲೇಬೇಕು. ಆ ಲೆಕ್ಕವನ್ನು ಬರೆದು ಕೇಳಿ. ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಕಾರ್ಡ್‌ನಲ್ಲಿ ಕಟ್ಟಿದ್ದರೆ ಬ್ಯಾಂಕನ್ನೂ ವಿಚಾರಿಸಿ. ಆದರೆ ಅಲ್ಲಿ ದೂರು ಕೊಡಲು ಗಡುವು ಇರುತ್ತದೆ, ಎರಡು ವರ್ಷ ಜಾಸ್ತಿಯೇ ಆಯಿತು.

ಅಮೆರಿಕದಲ್ಲಿ ಒಬ್ಬರು ಇದೇ ಕಿಕ್‌ಸ್ಟಾರ್ಟರ್‌ನಲ್ಲಿ 35,000 ಡಾಲರ್ ಕೇಳಿ, ಬೋರ್ಡ್ ಗೇಮ್ ಹೆಸರಲ್ಲಿ 1,22,000 ಡಾಲರ್‌ಗಿಂತ ಹೆಚ್ಚು ಎತ್ತಿದ್ದರು. ಅದರಲ್ಲಿ ಬಹುಪಾಲನ್ನು ಮನೆ ಬಾಡಿಗೆಯಂಥ ಸ್ವಂತ ಖರ್ಚಿಗೆ ಬಳಸಿದರು ಅಂತ ಅಲ್ಲಿನ ವ್ಯಾಪಾರ ಆಯೋಗ 2015ರಲ್ಲಿ ಕೇಸು ಹಾಕಿತು. 1,11,793 ಡಾಲರ್ ಕಟ್ಟಬೇಕೆಂದು ಆದೇಶವಾಯಿತು. ಆದರೆ ಅವರ ಕೈಯಲ್ಲಿ ಕಾಸಿಲ್ಲ ಅಂತ ವಸೂಲಿಯನ್ನೇ ತಡೆಹಿಡಿಯಲಾಯಿತು! ಹಣ ಹಾಕಿದವರ ಮಟ್ಟಿಗೆ ಇದು ಅನ್ಯಾಯ, ಅಲ್ವಾ? ಕೇಸಿಗೂ ಮೊದಲೇ ಕ್ರಿಪ್ಟೋಜೋಯಿಕ್ ಎಂಬ ಬೇರೆ ಕಂಪನಿಯೇ ಆಟವನ್ನು ಅಚ್ಚುಹಾಕಿ ಹಣ ಹಾಕಿದವರಿಗೆ ಪುಕ್ಕಟೆಯಾಗಿ ಕೊಟ್ಟಿತ್ತು.

ನಿಮ್ಮ ಕಲಾವಿದರು ಪುಟಗಳನ್ನು ಬರೆದು ಮುಗಿಸಿದ್ದಾರಾ? ಮೊದಲು ಅದನ್ನು ಕೇಳಿ. ಮುಗಿಸಿದ್ದರೆ, ಸದ್ಯಕ್ಕೆ ಪಿಡಿಎಫ್ ಆದರೂ ಕಳಿಸಿ ಅನ್ನಿ.