ಹೊಲದ ಕೆಳಗಿನ ಬಂಕರಿನಲ್ಲಿ ಸಿಕ್ಕ 0–5 ಡಯಲ್ ಮತ್ತು ನಾಲ್ಕು ತೂತಿನ ಬಿಳಿ ಡಬ್ಬಿ ಏನು?

ನಿಮ್ಮ ಪ್ರಶ್ನೆ ಓದಿದೆ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಹೊಲದಂಚಿನಲ್ಲಿ ನಡೆಯುವಾಗ ಕಾಂಕ್ರೀಟ್ ಗೂಡು, ಕಬ್ಬಿಣದ ಮುಚ್ಚಳ, ಒಳಗೆ ಏಣಿ. ಕೆಳಗಿನ ಪುಟ್ಟ ಕೋಣೆಯ ಗೋಡೆಗೆ ಒಂದು ಡಯಲ್, ಮೂಲೆಯಲ್ಲಿ ನಾಲ್ಕು ತೂತಿನ ಬಿಳಿ ಡಬ್ಬಿ. ಇದು ಸೈನ್ಯದ ಬಂಕರಾ ಅಂತ ಕೇಳಿದ್ದೀರಿ.

ಬಂಕರ್ ಹೌದು. ಸೈನ್ಯದ್ದು ಅನ್ನೋದು ಅರ್ಧ ನಿಜ. ಅದು ರಾಯಲ್ ಅಬ್ಸರ್ವರ್ ಕೋರ್ ಅನ್ನುವ ದಳದ ಕಾವಲು ಕೋಣೆ. ಸಮವಸ್ತ್ರ ಇತ್ತು, ಆದರೆ ಬಹುತೇಕರು ಬಿಡುವಿನ ವೇಳೆಯಲ್ಲಿ ಬಂದು ಕೆಲಸ ಮಾಡುವ ಊರಿನ ಜನ. ಎರಡನೇ ಮಹಾಯುದ್ಧದಲ್ಲಿ ಆಕಾಶ ನೋಡಿ ಶತ್ರು ವಿಮಾನ ಗುರುತಿಸುತ್ತಿದ್ದ ದಳವೇ ಇದು. 1950ರ ದಶಕದ ಕೊನೆಗೆ ಇವರನ್ನು ನೆಲದೊಳಗೆ ಇಳಿಸಿದರು. ಅಣುಬಾಂಬ್ ಬಿದ್ದರೆ ಎಲ್ಲಿ ಬಿತ್ತು, ಎಷ್ಟು ದೊಡ್ಡದು, ವಿಕಿರಣ ಎಷ್ಟು ಅಂತ ವರದಿ ಮಾಡುವುದು ಹೊಸ ಕೆಲಸ. ಬ್ರಿಟನ್ ತುಂಬ ಇಂಥ 1,500ಕ್ಕೂ ಹೆಚ್ಚು ಕೋಣೆಗಳಿದ್ದವು. ಒಂದೊಂದರಲ್ಲಿ ಮೂರು ಜನ.

ನಾನು ಲೀಡ್ಸ್‌ನಲ್ಲಿದ್ದೇನೆ. ಹೊಲದ ಮಾಲೀಕರನ್ನು ಕೇಳಿಕೊಂಡು ಒಮ್ಮೆ ಇಂಥದ್ದೊಂದಕ್ಕೆ ಇಳಿದಿದ್ದೆ. ಸಾಮಾನೆಲ್ಲ ಯಾರೋ ಹೊತ್ತೊಯ್ದಿದ್ದರು, ಹಳೇ ಮಂಚದ ಚೌಕಟ್ಟು ಮಾತ್ರ ಉಳಿದಿತ್ತು. ಆಗ ಕಲಿತದ್ದು ಇಷ್ಟು: ಉಪಕರಣ ಗುರುತಿಸಬೇಕಾದರೆ ಮೊದಲು ಮೇಲೆ ಹೋಗಿ ಹುಲ್ಲಿನ ನಡುವೆ ನಿಂತಿರುವ ಪೈಪುಗಳನ್ನು ನೋಡಿ. ಒಂದೊಂದು ಪೈಪಿಗೂ ಕೆಳಗೆ ಒಂದೊಂದು ಯಂತ್ರ.

ಸಣ್ಣ ಪೈಪು, ತುದಿಯಲ್ಲಿ ಎರಡು ದುಂಡು ತಟ್ಟೆ ಇದ್ದರೆ ಅದು ನಿಮ್ಮ ಡಯಲಿನದ್ದು. ಹೆಸರು ಬಾಂಬ್ ಪವರ್ ಇಂಡಿಕೇಟರ್. ಸ್ಫೋಟದ ಗಾಳಿಯ ಒತ್ತಡ ಪೈಪಿನಲ್ಲಿ ಇಳಿದು ಮುಳ್ಳನ್ನು ತಿರುಗಿಸುತ್ತದೆ. 0ಯಿಂದ 5 ಅಂದರೆ ಚದರ ಇಂಚಿಗೆ ಅಷ್ಟು ಪೌಂಡ್. ಇನ್ನೊಂದು ಪೈಪು ಸ್ವಲ್ಪ ದಪ್ಪ, ಮೇಲೆ ಪ್ಲಾಸ್ಟಿಕ್ ಗುಮ್ಮಟ. ಅದರೊಳಗಿಂದ ವಿಕಿರಣ ಅಳೆಯುತ್ತಿದ್ದರು.

ಬಿಳಿ ಡಬ್ಬಿ ನನಗೆ ಎಲ್ಲಕ್ಕಿಂತ ಇಷ್ಟ. ಗ್ರೌಂಡ್ ಝೀರೋ ಇಂಡಿಕೇಟರ್ ಅಂತ ಹೆಸರು. ಲೆನ್ಸ್ ಇಲ್ಲ, ಬ್ಯಾಟರಿ ಇಲ್ಲ. ಹಂಚಿನ ಮನೆಯಲ್ಲಿ ಸಂದಿಯಿಂದ ಬಿಸಿಲು ಬಿದ್ದು ನೆಲದ ಮೇಲೆ ದುಂಡು ಬಿಲ್ಲೆ ಮೂಡುತ್ತದಲ್ವಾ? ಅದೇ ತಂತ್ರ. ನಾಲ್ಕು ದಿಕ್ಕಿಗೆ ನಾಲ್ಕು ತೂತು, ಒಂದೊಂದರ ಹಿಂದೆ ಫೋಟೊ ಕಾಗದ, ಅದರ ಮೇಲೆ ಡಿಗ್ರಿಗಳ ಗೆರೆ. ಬೆಂಕಿಯುಂಡೆಯ ಬೆಳಕು ಕಾಗದದ ಮೇಲೆ ಕಲೆ ಸುಡುತ್ತದೆ. ಕಲೆ ಎಲ್ಲಿದೆ ಅಂತ ನೋಡಿದರೆ ದಿಕ್ಕು ಮತ್ತು ಎತ್ತರ ಸಿಗುತ್ತದೆ. ಎರಡು ಮೂರು ಕೋಣೆಗಳ ದಿಕ್ಕನ್ನು ನಕ್ಷೆಯ ಮೇಲೆ ಎಳೆದರೆ ಗೆರೆಗಳು ಕೂಡುವ ಕಡೆ ಬಾಂಬ್ ಬಿದ್ದ ಜಾಗ. ಒಂದೇ ತೊಂದರೆ, ಕೆಲಸದ ವೇಳೆ ಡಬ್ಬಿ ಇರುತ್ತಿದ್ದದ್ದು ಮೇಲೆ, ಬಯಲಿನಲ್ಲಿ. ಸ್ಫೋಟದ ಗಾಳಿ ಹಾದುಹೋದ ಮೇಲೆ ಮೂವರಲ್ಲಿ ಒಬ್ಬ ಏಣಿ ಹತ್ತಿ ಹೊರಗೆ ಹೋಗಿ ಕಾಗದ ತರಬೇಕಿತ್ತು. ಅವನ ಪಾಡು ಯೋಚಿಸಿ.

ಉಳಿದದ್ದು ಸುಲಭ. ಸ್ಪೀಕರ್ ಇರುವ ಪೆಟ್ಟಿಗೆ ಸಿಕ್ಕರೆ ಅದು ಟೆಲಿಟಾಕ್, ಪಕ್ಕದ ಕೋಣೆಗಳ ಜೊತೆ ಮಾತಾಡಲು. ಹಿಡಿಕೆ ತಿರುಗಿಸುವ ಸೈರನ್ ಊರಿಗೆ ಎಚ್ಚರಿಕೆ ಕೊಡಲು. ಸಣ್ಣ ಗೂಡಿನಲ್ಲಿರುವ ಬಕೆಟ್ ಏನಂತ ಹೇಳಬೇಕಾಗಿಲ್ಲ.

ಒಂದು ಮಾತು ಗಟ್ಟಿಯಾಗಿ: ಮತ್ತೆ ಒಬ್ಬರೇ ಇಳಿಯಬೇಡಿ. ಏಣಿ ತುಕ್ಕು ಹಿಡಿದಿರುತ್ತದೆ, ಒಳಗೆ ಗಾಳಿ ಕೆಟ್ಟಿರಬಹುದು, ಹಳೇ ಬ್ಯಾಟರಿ ಸೋರಿರುತ್ತದೆ. ಆ ಕಾಲದ ಕೆಲವು ಮೀಟರುಗಳ ಮುಳ್ಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು, ಹಾಗಾಗಿ ಗಾಜು ಒಡೆದ ಡಯಲ್ ಕೈಯಲ್ಲಿ ಮುಟ್ಟಬೇಡಿ. ಮನೆಗೆ ತರೋದಂತೂ ಬೇಡವೇ ಬೇಡ, ಜಾಗ ಬೇರೆಯವರದ್ದು. ಇವೆಲ್ಲ ಹೇಗೆ ಕೆಲಸ ಮಾಡುತ್ತಿದ್ದವು ಅಂತ ನೋಡಬೇಕಿದ್ದರೆ ಯಾರ್ಕ್ ನಗರದಲ್ಲೇ ಕೋಲ್ಡ್ ವಾರ್ ಬಂಕರ್ ಮ್ಯೂಸಿಯಂ ಇದೆ. 1961ರಲ್ಲಿ ಕಟ್ಟಿದ್ದು, ಸುತ್ತಲಿನ ಕೋಣೆಗಳ ವರದಿ ಬಂದು ಸೇರುತ್ತಿದ್ದ ಕೇಂದ್ರ.

ನೀವು ಕೋಣೆ ಯಾವಾಗ ಮುಚ್ಚಿತು ಅಂತಲೂ ಕೇಳಿದ್ದೀರಿ. ಸುಮಾರು ಅರ್ಧದಷ್ಟು ಕೋಣೆಗಳು 1968ರಲ್ಲಿ, ಉಳಿದವು 1991ರಲ್ಲಿ ಮುಚ್ಚಿದವು. ಒಳಗೆ ಅಂಕಿ ತೋರಿಸುವ ಪರದೆಯ ಪ್ಲಾಸ್ಟಿಕ್ ಮೀಟರ್ ಇದೆಯಾ? ಅದು 1980ರ ದಶಕದ್ದು. ಇದ್ದರೆ ನಿಮ್ಮದು ಕೊನೆಯವರೆಗೆ ಉಳಿದ ಕೋಣೆ. ಪೈಪುಗಳ ಫೋಟೊ ಇದ್ದರೆ ಹಾಕಿ, ನೋಡಿ ಹೇಳುತ್ತೇನೆ.