ಪೆಪೆ ಏಕೆ ಓಡಿದ?

(ಗುರುತು ಸಿಗದಂತೆ ಹೆಸರನ್ನೂ ಕೆಲವು ವಿವರಗಳನ್ನೂ ಬದಲಾಯಿಸಿದ್ದೇನೆ.)

ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡ ದಂಪತಿ ಎಂಟು ವರ್ಷದ ಮಗ ಆದಿಯನ್ನು ಆಪ್ತಸಲಹೆಗೆಂದು ನನ್ನ ಬಳಿಗೆ ಕರೆತಂದದ್ದು ಶಾಲೆಯಿಂದ ಎರಡನೆಯ ಬಾರಿ ದೂರು ಬಂದ ಮೇಲೆ. ಸಹಪಾಠಿ ಹುಡುಗಿಯೊಬ್ಬಳನ್ನು ಅವನು ಬೆನ್ನಟ್ಟಿ ತಬ್ಬಿಕೊಳ್ಳುತ್ತಿದ್ದ. ಅವಳು ಕೊಸರಿಕೊಂಡರೆ ಫ್ರೆಂಚ್ ಧಾಟಿಯ ಇಂಗ್ಲಿಷಿನಲ್ಲಿ ಪ್ರೇಮದ ಮಾತಾಡಿ ಸುತ್ತಲಿನವರನ್ನು ನಗಿಸುತ್ತಿದ್ದ. ತಾಯಿ ಕುಗ್ಗಿಹೋಗಿದ್ದರು. ತಂದೆಗೆ ಮಾತ್ರ ಶಾಲೆಯವರದು ಅತಿಯೆನಿಸಿತ್ತು. “ಕಾರ್ಟೂನ್ ನೋಡಿ ಮಾಡ್ತಾನೆ ಮೇಡಂ. ಕಾರ್ಟೂನ್ ನೆಟ್‌ವರ್ಕಲ್ಲಿ ನಾವೂ ನೋಡಿಲ್ವಾ?” ಎಂದರು.

ಆ ಕಾರ್ಟೂನಿನ ನಾಯಕ ಪೆಪೆ ಲೆ ಪ್ಯೂ, 1945ರಲ್ಲಿ ಚಕ್ ಜೋನ್ಸ್ ಅವರ ನಿರ್ದೇಶನದಲ್ಲಿ ತೆರೆಗೆ ಬಂದ, ಲೂನಿ ಟ್ಯೂನ್ಸ್ ಎಂಬ ಅಮೆರಿಕನ್ ಕಾರ್ಟೂನ್ ಬಳಗದ ಸ್ಕಂಕ್. ಸ್ಕಂಕ್ ಎಂದರೆ ಕಪ್ಪು ಮೈ, ಬೆನ್ನಿಗೆ ಬಿಳಿ ಪಟ್ಟೆ ಇರುವ, ದುರ್ನಾತಕ್ಕೆ ಹೆಸರಾದ ಪುಟ್ಟ ಪ್ರಾಣಿ. ತನ್ನ ನಾತ ತನಗೇ ತಿಳಿಯದ ಈತ, ಬೆನ್ನಿಗೆ ಬಿಳಿ ಬಣ್ಣ ತಾಗಿದ ಕಪ್ಪು ಬೆಕ್ಕನ್ನು ತನ್ನ ಕುಲದವಳೆಂದೇ ನಂಬಿ ಹಿಂದೆ ಬೀಳುತ್ತಾನೆ. ಆಸ್ಕರ್ ಪಡೆದ 1949ರ ಕಿರುಚಿತ್ರದಲ್ಲಂತೂ, ಗಾಜಿನ ಪೆಟ್ಟಿಗೆಯೊಳಗೆ ಅಡಗಿ ಕುಳಿತವಳನ್ನು ಹೊರಗೆ ಬರಿಸಲು ಗುಂಡು ಹಾರಿಸಿಕೊಂಡು ಸತ್ತಂತೆ ನಟಿಸುತ್ತಾನೆ. ಇದು ಅಹಂಕಾರಿ ಪ್ರೇಮಿಯ ಗೇಲಿ ಎಂಬುದು ದೊಡ್ಡವರಿಗೆ ತಿಳಿದೀತು. ಆದರೆ ಎಂಟು ವರ್ಷದ ಮಗುವಿನ ಮನಸ್ಸಿನಲ್ಲಿ ಉಳಿಯುವುದು, ಅವಳು ತಪ್ಪಿಸಿಕೊಂಡಷ್ಟೂ ನಗು ಹೆಚ್ಚುತ್ತದೆ ಎಂಬುದಷ್ಟೇ.

ನಾನು ಕಾರ್ಟೂನನ್ನು ನಿಷೇಧಿಸಲಿಲ್ಲ. ಅದೇ ಚಿತ್ರದ ಕೊನೆಯನ್ನು ಆದಿಯ ಜೊತೆ ಕುಳಿತು ನೋಡಿದೆ. ಅಲ್ಲಿ ನೀರಿನ ಪೀಪಾಯಿಗೆ ಬಿದ್ದ ಬೆಕ್ಕಿಗೆ ನೆಗಡಿಯಾಗಿ ಮೂಗು ಕಟ್ಟುತ್ತದೆ, ಪೆಪೆ ನೀಲಿ ಬಣ್ಣದಲ್ಲಿ ಮುಳುಗೇಳುತ್ತಾನೆ, ಈಗ ಅವಳೇ ಅವನನ್ನು ಅಟ್ಟಿಸಿಕೊಂಡು ಬರುತ್ತಾಳೆ. ಅಲ್ಲಿಗೇ ನಿಲ್ಲಿಸಿ, “ಪೆಪೆ ಯಾಕೆ ಓಡ್ತಿದಾನೆ?” ಎಂದು ಕೇಳಿದೆ.

“ಅವನಿಗೆ ಭಯ ಆಗಿದೆ ಆಂಟಿ.”

ಆಮೇಲೆ ಜಮಖಾನೆಯ ಅಂಚಿನ ನೂಲನ್ನು ಬೆರಳಿಗೆ ಸುತ್ತುತ್ತಾ ಬಹಳ ಹೊತ್ತು ಸುಮ್ಮನಿದ್ದು, “ಮೊದಲು ಅವಳಿಗೂ ಹಾಗೇ ಆಗಿತ್ತಾ?” ಎಂದ.

ನಿಜವಾದ ಸ್ಕಂಕ್ ಪೆಪೆಗಿಂತ ಎಷ್ಟೋ ಮರ್ಯಾದಸ್ಥ ಪ್ರಾಣಿ: ಯಾರಾದರೂ ಹತ್ತಿರ ಬಂದರೆ ಮೊದಲು ಮುಂಗಾಲನ್ನು ನೆಲಕ್ಕೆ ಬಡಿದು, ಬಾಲವೆತ್ತಿ ಎಚ್ಚರಿಸುತ್ತದೆ, ಅದನ್ನು ಲೆಕ್ಕಿಸದವರ ಮೇಲೆಯೇ ಸಾಮಾನ್ಯವಾಗಿ ನಾತದ ದ್ರವ ಚಿಮ್ಮಿಸುತ್ತದೆ. ಇದನ್ನು ಕೇಳಿ ಆದಿ ಕಾಲು ಬಡಿದು ತೋರಿಸಿದ. ಯಾರು ಬಂದಾಗ ನಿನಗೆ ಹೀಗೆ ಬಡಿಯಬೇಕೆನಿಸುತ್ತದೆ ಎಂದು ಕೇಳಿದ್ದಕ್ಕೆ ತಡವಿಲ್ಲದೆ ಉತ್ತರ ಬಂತು: ಮಾಮ ಬಂದಾಗ. ಮಾಮ ಕೆನ್ನೆ ಹಿಂಡುತ್ತಾರೆ, ಬೇಡವೆಂದರೆ ಮನೆಯವರೆಲ್ಲ ನಗುತ್ತಾರೆ. ತಂದೆ ಮೊದಲ ಬಾರಿಗೆ ಮಾತಿಲ್ಲದೆ ಕುಳಿತರು.

ನನ್ನ ಸಲಹೆಯ ಹೆಚ್ಚಿನ ಪಾಲು ಪೋಷಕರಿಗೇ ಮೀಸಲಾಯಿತು. ಬಂಧುಗಳು ಬಂದಾಗ ಅಪ್ಪಿಕೊಳ್ಳುವುದೋ, ಕೈ ಕುಲುಕುವುದೋ, ನಮಸ್ಕಾರವೋ ಎಂಬುದನ್ನು ಮಗುವೇ ಆರಿಸಿಕೊಳ್ಳಲಿ. ಅವನು ಬೇಡವೆಂದರೆ ಅಲ್ಲಿಗೇ ನಿಲ್ಲಿಸಿ, ಯಾರೂ ನಗಬೇಡಿ. ಇಂಥ ಕಾರ್ಟೂನನ್ನು ಅವನು ನೋಡುವಾಗ ಪಕ್ಕದಲ್ಲಿ ಕುಳಿತು ಈಗ ಅವಳಿಗೆ ಏನನಿಸುತ್ತಿರಬಹುದೆಂದು ಕೇಳಿ. ಅವನನ್ನು ಕೆಟ್ಟ ಹುಡುಗನೆಂದು ಎಂದೂ ಕರೆಯಬೇಡಿ. ಆದಿಗೆ ಹೇಳಿದ್ದು ಇಷ್ಟೇ: ಮುಟ್ಟುವ ಮೊದಲು ಕೇಳು, ಉತ್ತರ ಬಾರದಿದ್ದರೆ ಅದನ್ನೂ ‘ಬೇಡ’ ಎಂದೇ ತಿಳಿ. ಹುಡುಗಿಯ ಎದುರು ಅವನನ್ನು ನಿಲ್ಲಿಸಿ ಕ್ಷಮೆ ಕೇಳಿಸುವುದು ನನಗೆ ಒಪ್ಪಿಗೆಯಾಗಲಿಲ್ಲ, ಏಕೆಂದರೆ ಆಗ ಕ್ಷಮಿಸಲೇಬೇಕಾದ ಭಾರ ಅವಳ ಮೇಲೆ ಬೀಳುತ್ತದೆ. ಅವನು ಚೀಟಿ ಬರೆದು ಶಿಕ್ಷಕಿಯ ಕೈಗೆ ಕೊಟ್ಟ.

ಉತ್ತರ ಬರಲಿಲ್ಲ. ಮೂರು ವಾರಗಳ ಬಳಿಕ ಬಂದಾಗ ಅವನೇ ಅದನ್ನು ತಿಳಿಸಿ, “ಅದೂ ‘ಬೇಡ’ ಅಂತಲೇ ಅಲ್ವಾ ಆಂಟಿ?” ಎಂದ.